ಈ ವಾರದ ಪ್ರಶ್ನೋತ್ತರ: ಟಾರ್ಕೋಲ್ ಆಮೆಯನ್ನು ಡಬಲ್ಸ್‌ನಲ್ಲಿ ಆಡಿಸೋದು ಹೇಗೆ?

ಅಡ್ಮಿನ್: ಭಾನುವಾರದ ಪ್ರಶ್ನೋತ್ತರ ಶುರು. ಉತ್ತರ ಕೊಡುವವರು ಬಳ್ಳಾರಿಯ ನಮ್ಮ ಕೋಚ್ ಅಣ್ಣ. ಪೊಕೆಮಾನ್ ಡಬಲ್ಸ್ ಕಲಿಸುವುದೇ ಅವರ ಕೆಲಸ. ಬೇರೆ ಕಡೆ ಗಂಟೆಗೆ ಇಷ್ಟು ಅಂತ ತಗೊಳ್ಳುತ್ತಾರೆ, ಈ ಗುಂಪಿನಲ್ಲಿ ಪುಕ್ಕಟೆ. ನಿಯಮ ಗೊತ್ತಲ್ವಾ? ಒಂದು ವಾರಕ್ಕೆ ಒಂದೇ ಪೊಕೆಮಾನ್. ಹೊಸಬರಿಗೆ: ಆರು ಪೊಕೆಮಾನ್ ಇರುವ ಟೀಮಿನಿಂದ ನಾಲ್ಕನ್ನು ಆರಿಸಿ, ಎರಡೆರಡನ್ನು ಕಣಕ್ಕೆ ಇಳಿಸುವ ಆಟ ಇದು. ಎಲ್ಲವೂ ಲೆವೆಲ್ 50.

ಪ್ರಶ್ನೆ (ಶಕ್ತಿನಗರ, ರಾಯಚೂರು): ಅಣ್ಣಾ, ನಮಸ್ಕಾರ. ಪಿಯುಸಿ ಮುಗಿಸಿ ರಜೆಯಲ್ಲಿದ್ದೇನೆ. ಗೇಮ್ ಆಡುವ ಸ್ವಿಚ್ ಯಂತ್ರ ಇಲ್ಲ, ಲ್ಯಾಪ್‌ಟಾಪ್‌ನಲ್ಲಿ ಶೋಡೌನ್ ಅನ್ನೋ ವೆಬ್‌ಸೈಟ್‌ನಲ್ಲಿ ಆಡುತ್ತೇನೆ. ನನಗೆ ಟಾರ್ಕೋಲ್ ಅಂದರೆ ಪ್ರಾಣ. ಚಿಪ್ಪಿನೊಳಗೆ ಕಲ್ಲಿದ್ದಲು ಉರಿಸಿ ಹೊಗೆ ಬಿಡುವ ಆಮೆ ಅದು. ನಮ್ಮ ಮಾಳಿಗೆ ಮೇಲೆ ನಿಂತರೆ ಥರ್ಮಲ್ ಪ್ಲಾಂಟ್‌ನ ಚಿಮಣಿಗಳೇ ಕಾಣುತ್ತವೆ, ಅಪ್ಪನ ಕೆಲಸವೂ ಅಲ್ಲೇ. ಹಾಗಾಗಿ ಇದನ್ನು ಬಿಟ್ಟು ಬೇರೆ ಯಾವುದನ್ನೂ ಆಡೋಕೆ ಮನಸ್ಸು ಬರಲ್ಲ.

ಆದರೆ ಸೋತು ಸೋತು ಸಾಕಾಗಿದೆ. ನಿನ್ನೆಯ ಆಟ ಹೇಳುತ್ತೇನೆ. ನಾನು ಟಾರ್ಕೋಲ್ ಮತ್ತು ಹ್ಯಾಟರೀನ್ ಇಳಿಸಿದೆ. ಎದುರಿಗೆ ಇನ್ಸಿನರೋರ್ ಮತ್ತು ನೀರಿನ ಉರ್ಷಿಫು. ಹ್ಯಾಟರೀನ್‌ಗೆ ಟ್ರಿಕ್ ರೂಮ್ (ಸಾವಕಾಶ ಇರುವವರನ್ನು ಮೊದಲು ಆಡಿಸುವ ಮೂವ್), ಟಾರ್ಕೋಲ್‌ಗೆ ಇರಪ್ಷನ್ (ಎದುರಿನ ಇಬ್ಬರಿಗೂ ಬೀಳುವ ಬೆಂಕಿ ಮೂವ್) ಒತ್ತಿದೆ. ಇನ್ಸಿನರೋರ್ ಫೇಕ್ ಔಟ್ ಹೊಡೆದು ಹ್ಯಾಟರೀನ್ ಕೈ ಕಟ್ಟಿಹಾಕಿತು. ಉರ್ಷಿಫು ಸರ್ಜಿಂಗ್ ಸ್ಟ್ರೈಕ್ಸ್ ಹೊಡೆದು ಟಾರ್ಕೋಲ್‌ನ ಎಚ್‌ಪಿಯನ್ನು, ಅಂದರೆ ಜೀವದ ಅಂಕವನ್ನು, 177ರಿಂದ 81ಕ್ಕೆ ತಂದಿಟ್ಟಿತು. ಆಮೇಲೆ ನನ್ನ ಇರಪ್ಷನ್ ಬಿತ್ತು, ಇಬ್ಬರಿಗೂ ಗಾಳಿ ಬೀಸಿದ ಹಾಗೆ. ಟಾರ್ಕೋಲ್ ಕೈಯಲ್ಲಿ ಫೋಕಸ್ ಸ್ಯಾಶ್ ಅನ್ನೋ ವಸ್ತು ಇತ್ತು. ತಪ್ಪು ಎಲ್ಲಿ ಆಯ್ತು?

ಉತ್ತರ (ಕೋಚ್, ಬಳ್ಳಾರಿ): ತಮ್ಮಾ, ತಪ್ಪು ಮೊದಲ ಟರ್ನ್‌ಗಿಂತ ಮುಂಚೆಯೇ ಆಗಿದೆ. ಆದರೆ ಪ್ರಾಣಿ ಆರಿಸಿದ್ದು ತಪ್ಪಲ್ಲ. ಬಿಸಿಲೂರಿನವರು ಟಾರ್ಕೋಲ್ ಆಡದೆ ಇನ್ಯಾರು ಆಡಬೇಕು? ಅದರ ಎಬಿಲಿಟಿಯ (ತಾನಾಗೇ ಕೆಲಸ ಮಾಡುವ ಗುಣದ) ಹೆಸರು ಡ್ರೌಟ್, ಅಂದರೆ ಬರ. ನಮಗೆ ಅದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ.

ಈ ಆಮೆ 2002ರ ರೂಬಿ-ಸಫಾಯರ್‌ನಿಂದ ಇದೆ. ಡ್ರೌಟ್ ಸಿಕ್ಕಿದ್ದು 2016ರ ಸನ್-ಮೂನ್‌ನಲ್ಲಿ. ಕಣಕ್ಕೆ ಕಾಲಿಟ್ಟ ತಕ್ಷಣ ಐದು ಟರ್ನ್ ಬಿಸಿಲು. ಬೆಂಕಿಯ ಏಟಿಗೆ ಒಂದೂವರೆ ಪಟ್ಟು, ನೀರಿನ ಏಟಿಗೆ ಅರ್ಧ.

ಈಗ ಇರಪ್ಷನ್ ವಿಷಯ. ಇದನ್ನು ಸರಿಯಾಗಿ ತಲೆಗೆ ಹಾಕ್ಕೊ, ಉಳಿದದ್ದೆಲ್ಲ ತಾನೇ ಬರುತ್ತದೆ. ಟಿ.ಬಿ. ಡ್ಯಾಮ್ ತುಂಬಿದಾಗ ಗೇಟ್ ತೆಗೆದರೆ ಕಂಪ್ಲಿ ಸೇತುವೆ ಮುಳುಗುತ್ತದೆ. ಬೇಸಿಗೆಯಲ್ಲಿ ಅದೇ ಗೇಟ್ ತೆಗೆದರೆ ಸೇತುವೆ ಕೆಳಗೆ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಇರಪ್ಷನ್ ಹಾಗೆಯೇ. ಎಚ್‌ಪಿ ತುಂಬಿದ್ದರೆ ತಾಕತ್ತು 150, ಅರ್ಧ ಇದ್ದರೆ 75. ನಿನ್ನದು 177ರಲ್ಲಿ 81 ಇತ್ತು. ಲೆಕ್ಕ ಹಾಕು, 68 ಬರುತ್ತದೆ. ಅದರ ಮೇಲೆ ಇನ್ಸಿನರೋರ್ ಬೆಂಕಿ ಜಾತಿ, ಉರ್ಷಿಫು ನೀರು ಜಾತಿ. ಇಬ್ಬರಿಗೂ ಬೆಂಕಿಯ ಏಟು ಅರ್ಧವೇ ತಾಗೋದು. ಗಾಳಿ ಬೀಸಿದ ಹಾಗೆ ಅಂದೆಯಲ್ಲ, ಅದಕ್ಕಿಂತ ಜಾಸ್ತಿ ಆಗೋಕೆ ಸಾಧ್ಯವೇ ಇರಲಿಲ್ಲ.

ಫೋಕಸ್ ಸ್ಯಾಶ್ ಇವತ್ತೇ ತೆಗೆದುಹಾಕು. ಸ್ಯಾಶ್ ಏನು ಮಾಡುತ್ತೆ? ತುಂಬಿದ ಎಚ್‌ಪಿಯಲ್ಲಿದ್ದಾಗ ಸಾಯುವ ಏಟು ಬಿದ್ದರೆ 1 ಎಚ್‌ಪಿ ಉಳಿಸುತ್ತೆ. 1 ಎಚ್‌ಪಿಯಲ್ಲಿ ಇರಪ್ಷನ್ ತಾಕತ್ತು 1. ಬೀಡಿ ಹಚ್ಚೋಕೂ ಆಗಲ್ಲ. ಸರ್ಜಿಂಗ್ ಸ್ಟ್ರೈಕ್ಸ್ ಮೂರು ಏಟಿನ ಮೂವ್ ಬೇರೆ. ಮೊದಲ ಏಟಿಗೆ ಎಚ್‌ಪಿ ಇಳಿದುಬಿಟ್ಟರೆ ಸ್ಯಾಶ್ ಲೆಕ್ಕಕ್ಕೇ ಇಲ್ಲ. ಪ್ರೊಟೆಕ್ಟ್ ಒತ್ತಿದ್ದರೆ ಅಂತ ಕೇಳಬೇಡ. ಉರ್ಷಿಫುವಿನ ಮುಷ್ಟಿ ಪ್ರೊಟೆಕ್ಟನ್ನೂ ದಾಟಿ ಬರುತ್ತೆ.

ಅದರ ಬದಲು ಬೆಂಕಿ ಮೂವ್‌ಗೆ ಬಲ ಕೊಡುವ ಚಾರ್ಕೋಲ್ ಕೊಡು. ಹೆಸರೂ ಹೊಂದುತ್ತೆ. 150ಕ್ಕೆ ತನ್ನ ಜಾತಿಯ ಮೂವ್ ಅಂತ 1.5, ಬಿಸಿಲಿಗೆ 1.5, ಇಬ್ಬರಿಗೆ ಹಂಚಿ ಹೋಗುವುದರಿಂದ 0.75, ಚಾರ್ಕೋಲ್‌ಗೆ 1.2. ಗುಣಿಸಿದರೆ 303ರ ಮೇಲೆ. ಅದೂ ಇಬ್ಬರಿಗೂ ಒಟ್ಟಿಗೆ. ಒಳ್ಳೆಯ ಮೂವ್ ಅಂತ ನಾವು ಹೇಳುವವೇ 90, 100ರ ಆಸುಪಾಸು ಇರುತ್ತವೆ ಅಲ್ವಾ?

ಹಾಗಾದರೆ ನಿನ್ನ ಕೆಲಸ ಒಂದೇ. ಟಾರ್ಕೋಲ್ ಮೈಮೇಲೆ ಗೀರು ಬೀಳದ ಹಾಗೆ ಅದನ್ನು ಟ್ರಿಕ್ ರೂಮ್ ಒಳಗೆ ತಂದು ನಿಲ್ಲಿಸುವುದು. ಟ್ರಿಕ್ ರೂಮ್‌ನಲ್ಲಿ ಸಾವಕಾಶ ಇರುವವರೇ ಮೊದಲು. ಟಾರ್ಕೋಲ್‌ಗಿಂತ ಸಾವಕಾಶ ಯಾರೂ ಇಲ್ಲ ಅನ್ನಬಹುದು, ಬೇಸ್ ಸ್ಪೀಡ್ (ಆ ಪೊಕೆಮಾನ್‌ನ ಮೂಲ ವೇಗ) 20.

ಇದಕ್ಕೆ ನಾನು ಹುಡುಗರಿಗೆ ಕಲಿಸುವ ದಾರಿ ಹೀಗಿದೆ. ಟಾರ್ಕೋಲನ್ನು ಮೊದಲು ಇಳಿಸಬೇಡ. ಹ್ಯಾಟರೀನ್ ಜೊತೆ ಹೆಣ್ಣು ಇಂಡೀಡೀ ಇಳಿಸು. ಇಂಡೀಡೀ ಬಂದರೆ ನೆಲದ ಮೇಲೆ ಸೈಕಿಕ್ ಟೆರೇನ್ ಹರಡುತ್ತೆ. ನೆಲದ ಮೇಲೆ ನಿಂತವರಿಗೆ ಫೇಕ್ ಔಟ್ ಥರದ, ವೇಗ ನೋಡದೆ ಮೊದಲೇ ಬೀಳುವ ಮುಂಗಡ ಮೂವ್ ತಾಗಲ್ಲ. ಇಂಡೀಡೀಗೆ ಫಾಲೋ ಮೀ ಒತ್ತು, ಒಬ್ಬರಿಗೆ ಗುರಿ ಇಟ್ಟ ಏಟುಗಳೆಲ್ಲ ಅದರ ಮೇಲೆ ಬೀಳುತ್ತವೆ. ಹ್ಯಾಟರೀನ್ ಆರಾಮಾಗಿ ಟ್ರಿಕ್ ರೂಮ್ ಹಾಕುತ್ತೆ.

ಇಂಡೀಡೀ ಸತ್ತರೆ ಅಳಬೇಡ. ನಮಗೆ ಬೇಕಾಗಿದ್ದೇ ಅದು. ಸತ್ತ ಜಾಗಕ್ಕೆ ಟಾರ್ಕೋಲ್ ಪುಕ್ಕಟೆ ಬರುತ್ತೆ, ಏಟು ತಿನ್ನದೆ. ಬಿಸಿಲು ಆಗ ಶುರುವಾಗುತ್ತೆ. ಟ್ರಿಕ್ ರೂಮ್ ಐದು ಟರ್ನ್ ಅನ್ನುತ್ತಾರೆ, ಹಾಕಿದ ಟರ್ನ್ ಕೂಡ ಅದರಲ್ಲೇ ಸೇರಿದೆ. ಉಳಿಯೋದು ನಾಲ್ಕು. ಆ ನಾಲ್ಕಕ್ಕೂ ಬಿಸಿಲು ಇದ್ದೇ ಇರುತ್ತೆ. ಬಿಸಿಲನ್ನು ಎಂಟು ಟರ್ನ್ ಮಾಡುವ ಹೀಟ್ ರಾಕ್ ಇಲ್ಲಿ ದಂಡ. ಇಂಡೀಡೀ ಸಾಯದೆ ಉಳಿದರೆ ಎರಡನೇ ಟರ್ನ್‌ನಲ್ಲಿ ಬದಲಿಸಿ ತರಬೇಕಾಗುತ್ತೆ, ಒಂದು ಟರ್ನ್ ಸುಮ್ನೆ ಹೋಗುತ್ತೆ, ಬರುವಾಗಲೇ ಏಟೂ ಬೀಳಬಹುದು. ಬದುಕಿದ್ದೇ ತೊಂದರೆ ಅನ್ನುವ ಹಾಗಿದೆ, ಏನು ಮಾಡೋದು.

ನಿನ್ನ ಮಿಕ್ಕ ಮೂವ್‌ಗಳು ಯಾವುವು? ಬರೆದೇ ಇಲ್ಲ.

ಶಕ್ತಿನಗರ: ಇರಪ್ಷನ್, ಹೀಟ್ ವೇವ್, ಲಾವಾ ಪ್ಲೂಮ್, ಪ್ರೊಟೆಕ್ಟ್ ಅಣ್ಣಾ.

ಕೋಚ್: ಊಟಕ್ಕೆ ಮಿರ್ಚಿ, ನಂಚಿಕೊಳ್ಳೋಕೆ ಮಿರ್ಚಿ, ಮೇಲೆ ಖಾರದಪುಡಿ! ಮೂರೂ ಬೆಂಕಿ ಆದರೆ ನಿನ್ನೆಯಂಥ ಜೋಡಿ ಎದುರು ನಿಂತಾಗ ಏನು ಮಾಡುತ್ತೀ? ಲಾವಾ ಪ್ಲೂಮ್ ಪಕ್ಕದಲ್ಲಿರುವ ನಿನ್ನ ಹ್ಯಾಟರೀನನ್ನೂ ಸುಡುತ್ತೆ, ಗೊತ್ತಾ? ತೆಗಿ ಅದನ್ನ. ಅಲ್ಲಿ ಅರ್ಥ್ ಪವರ್ ಅಥವಾ ಸೋಲಾರ್ ಬೀಮ್ ಹಾಕು. ಸೋಲಾರ್ ಬೀಮ್‌ಗೆ ಮಾಮೂಲಿಯಾಗಿ ಒಂದು ಟರ್ನ್ ಕಾಯಬೇಕು, ಬಿಸಿಲಲ್ಲಿ ಕಾಯಬೇಕಿಲ್ಲ. ನಿನ್ನೆ ಉರ್ಷಿಫು ಮೇಲೆ ಅದನ್ನೇ ಹೊಡೆಯಬೇಕಿತ್ತು. ಅರ್ಥ್ ಪವರ್ ಇದ್ದಿದ್ದರೆ ಇನ್ಸಿನರೋರ್‌ಗೆ ದುಪ್ಪಟ್ಟು ತಾಗುತ್ತಿತ್ತು.

ಹೀಟ್ ವೇವ್ ಜಾಗಕ್ಕೆ ನಾನಾದರೆ ವೆದರ್ ಬಾಲ್ ಹಾಕುತ್ತೇನೆ. ಇದು ನನ್ನ ಅಭಿಪ್ರಾಯ, ಒಪ್ಪದವರು ಇದ್ದಾರೆ. ಹೀಟ್ ವೇವ್ ಹತ್ತಕ್ಕೆ ಒಂದು ಸಲ ಗುರಿ ತಪ್ಪುತ್ತೆ, ಆ ಒಂದು ಸಲ ಯಾವಾಗಲೂ ಕೊನೆಯ ಟರ್ನ್‌ನಲ್ಲೇ ಬರುತ್ತೆ. ವೆದರ್ ಬಾಲ್ ಬಿಸಿಲಲ್ಲಿ 100 ತಾಕತ್ತಿನ ಬೆಂಕಿ ಮೂವ್ ಆಗುತ್ತೆ, ಒಬ್ಬರಿಗೇ ಬೀಳುವುದರಿಂದ ಹಂಚಿ ಹೋಗಲ್ಲ.

ಎರಡು ಅಂಕಿ ಗೋಡೆ ಮೇಲೆ ಬರೆದಿಟ್ಟುಕೋ, 157 ಮತ್ತು 112. ಎದುರಿಗೆ ಇಬ್ಬರಿದ್ದು, ನಿನಗೆ ಒಬ್ಬನನ್ನು ಮಾತ್ರ ಮುಗಿಸಬೇಕಾಗಿದ್ದರೆ, ಎಚ್‌ಪಿ 157ಕ್ಕಿಂತ ಇಳಿದ ಮೇಲೆ ಇರಪ್ಷನ್‌ಗಿಂತ ವೆದರ್ ಬಾಲೇ ಜೋರು. ಹೀಟ್ ವೇವ್ ಕೂಡ ಇಬ್ಬರಿಗೂ ಹಂಚಿ ಬೀಳುವ ಮೂವ್, ಅದನ್ನು ಇಟ್ಟುಕೊಂಡರೆ ಗೆರೆ 112. ಅದಕ್ಕಿಂತ ಕೆಳಗೆ ಇರಪ್ಷನ್ 95ಕ್ಕೂ ಕಡಿಮೆ ಆಗುತ್ತೆ, ಹೀಟ್ ವೇವ್ 95ರಲ್ಲೇ ನಿಂತಿರುತ್ತೆ. ನಾನು ನೋಡಿದ ಹುಡುಗರಲ್ಲಿ ಟಾರ್ಕೋಲ್ ಆಡಿ ಸೋಲುವವರು ಜಾಸ್ತಿ ಸೋಲೋದು ಇಲ್ಲೇ. ಡ್ಯಾಮ್ ಖಾಲಿಯಾದ ಮೇಲೂ ಗೇಟ್ ತೆಗೆಯುತ್ತಲೇ ಇರುತ್ತಾರೆ.

ಆದರೆ ವೆದರ್ ಬಾಲ್ ಒತ್ತಿದ ಟರ್ನ್‌ನಲ್ಲೇ ಎದುರಾಳಿ ಪೆಲಿಪ್ಪರ್ ತಂದು ಮಳೆ ಸುರಿಸಿದರೆ ಅದು ನೀರಿನ ಮೂವ್ ಆಗಿಬಿಡುತ್ತೆ. ಬೆಂಕಿ ಆಮೆ ನೀರು ಎರಚುವುದನ್ನು ಒಂದು ಸಲ ನೋಡಬೇಕು ನೀವು.

ಪ್ರಶ್ನೆ (ಸಿಂಧನೂರು): ಸರ್, ಪೆಲಿಪ್ಪರ್ ಅಂದ್ರಲ್ಲ. ಇಬ್ಬರೂ ಒಟ್ಟಿಗೆ ಇಳಿದರೆ ಮಳೆಯೋ ಬಿಸಿಲೋ?

ಕೋಚ್: ಬಿಸಿಲು. ವೇಗ ಇರುವವರ ಎಬಿಲಿಟಿ ಮೊದಲು ಕೆಲಸ ಮಾಡುತ್ತೆ, ಸಾವಕಾಶ ಇರುವವರದು ಆಮೇಲೆ ಬಂದು ಅದನ್ನು ಅಳಿಸುತ್ತೆ. ಪೆಲಿಪ್ಪರ್ 65, ಟಾರ್ಕೋಲ್ 20. ಆದರೆ ಪೆಲಿಪ್ಪರ್ ಆಮೇಲೆ ಬಂದರೆ ಮಳೆ ಗೆಲ್ಲುತ್ತೆ. ಮತ್ತೆ ಬಿಸಿಲು ಬೇಕಾದರೆ ಟಾರ್ಕೋಲ್ ಹೊರಗೆ ಹೋಗಿ ಒಳಗೆ ಬರಬೇಕು. ಟೆರೇನ್‌ಗೂ ಇದೇ ನಿಯಮ. ಹೆಣ್ಣು ಇಂಡೀಡೀ, ತನ್ನದೇ ಬೇರೆ ಟೆರೇನ್ ಹರಡುವ ರಿಲ್ಲಬೂಮ್ ಎರಡರದೂ ಬೇಸ್ ಸ್ಪೀಡ್ 85. ಆದ್ದರಿಂದ ಇಂಡೀಡೀಯ ಸ್ಪೀಡ್ ಆದಷ್ಟು ಇಳಿಸಿ ಇಡಿ.

ಪ್ರಶ್ನೆ (ಕುಷ್ಟಗಿ, ಕೊಪ್ಪಳ): ಟಾರ್ಕೋಲ್ ಹೇಗೂ ಸಾವಕಾಶ. ಸ್ಪೀಡ್ ಐವಿ (0ರಿಂದ 31ರವರೆಗಿನ ಹುಟ್ಟು ಅಂಕ) 0 ಮಾಡಲೇಬೇಕಾ? ನಾನು 31ರಲ್ಲೇ ಬಿಟ್ಟಿದ್ದೇನೆ.

ಕೋಚ್: ಮಾಡಲೇಬೇಕು ರೀ. ಐವಿ 31, ನೇಚರ್ (ಒಂದು ಅಂಕ ಏರಿಸಿ ಇನ್ನೊಂದನ್ನು ಇಳಿಸುವ ಸ್ವಭಾವ) ಸಾದಾ ಇದ್ದರೆ ಲೆವೆಲ್ 50ರಲ್ಲಿ ಸ್ಪೀಡ್ 40. ಐವಿ 0, ಕ್ವಾಯೆಟ್ ನೇಚರ್ ಇದ್ದರೆ 22. ಬರೀ 18 ಅಂತ ಅನ್ನಿಸಬಹುದು. ಪೂರ್ತಿ ಸ್ಪೀಡ್ ಇಳಿಸಿದ ಅಮೂಂಗಸ್ ಎಷ್ಟರಲ್ಲಿ ನಿಂತಿದೆ ಗೊತ್ತಾ? 31ರಲ್ಲಿ. ನಿಮ್ಮದು 40 ಇದ್ದರೆ ಟ್ರಿಕ್ ರೂಮ್‌ನಲ್ಲಿ ಅಮೂಂಗಸ್ ಮೊದಲು. ಸ್ಪೋರ್ ಉದುರಿಸಿ ನಿಮ್ಮ ಆಮೆಯನ್ನು ಮಲಗಿಸುತ್ತೆ. ನೀವು ಕಷ್ಟಪಟ್ಟು ಹಾಕಿದ ಟ್ರಿಕ್ ರೂಮ್, ಮಜಾ ಅದರದು. ಕ್ವಾಯೆಟ್‌ನಿಂದ ಸ್ಪೆಷಲ್ ಅಟ್ಯಾಕ್ ಕೂಡ ಏರುತ್ತೆ. ಇವಿ (ತರಬೇತಿಯ ಅಂಕ) 252 ಹಾಕಿದರೆ ಸರಿಯಾಗಿ 150.

ಪ್ರಶ್ನೆ (ಗಂಗಾವತಿ): ನನ್ನದು ಉಲ್ಟಾ ಪ್ರಶ್ನೆ. ನಮ್ಮ ರೂಮ್‌ಮೇಟ್ ದಿನಾ ಇದನ್ನೇ ಆಡಿ ತಲೆ ತಿನ್ನುತ್ತಾನೆ. ಇದನ್ನು ಹೊಡೆಯೋದು ಹೇಗೆ?

ಕೋಚ್: ಶಕ್ತಿನಗರದ ತಮ್ಮ ಇದನ್ನು ಓದಬಾರದು 😄

ಎಲ್ಲಕ್ಕಿಂತ ಸುಲಭ ವೈಡ್ ಗಾರ್ಡ್. ಇಬ್ಬರ ಮೇಲೂ ಒಟ್ಟಿಗೆ ಬೀಳುವ ಮೂವ್‌ಗಳನ್ನು ಅದು ತಡೆಯುತ್ತೆ, ಇರಪ್ಷನ್ ನೆಲಕಚ್ಚುತ್ತೆ. ಫ್ಲಾಶ್ ಫೈರ್ ಇರುವ ಹೀಟ್ರಾನ್‌ಗೆ ಬೆಂಕಿ ಹೊಡೆದರೆ ತಿಂದು ದಪ್ಪ ಆಗುತ್ತೆ, ಆದರೆ ಅರ್ಥ್ ಪವರ್ ಇದ್ದರೆ ನಾಲ್ಕು ಪಟ್ಟು ತಾಗಿ ಸಾಯುತ್ತೆ, ಹುಷಾರು. ಟ್ರಿಕ್ ರೂಮ್ ಹಾಕುವವರ ಬಾಯಿಗೆ ಟಾಂಟ್‌ನಿಂದ ಬೀಗ ಹಾಕಬಹುದು. ಹ್ಯಾಟರೀನ್ ಮೇಲೆ ಮಾತ್ರ ಆ ಸಾಹಸ ಬೇಡ. ಮ್ಯಾಜಿಕ್ ಬೌನ್ಸ್ ಇದ್ದರೆ ಟಾಂಟ್ ನಿಮಗೇ ವಾಪಸ್ ಬರುತ್ತೆ. ನಿಮ್ಮ ಟೀಮ್‌ನಲ್ಲೂ ಟ್ರಿಕ್ ರೂಮ್ ಇದ್ದರೆ ಇನ್ನೊಂದು ಸಲ ಹಾಕಿ, ಮೊದಲನೆಯದು ಅಲ್ಲಿಗೇ ಮುಗಿಯುತ್ತೆ.

ಏನೂ ಇಲ್ಲದಿದ್ದರೆ ಕಾಲ ತಳ್ಳಿ. ಅವನ ಹತ್ತಿರ ಇರುವುದು ನಾಲ್ಕೇ ಟರ್ನ್. ಇಬ್ಬರಿಗೂ ಪ್ರೊಟೆಕ್ಟ್ ಒತ್ತಿದರೆ ಒಂದು ಹೋಯ್ತು. ಏಟು ತಡೆಯಬಲ್ಲ ಪೊಕೆಮಾನ್ ಬದಲಿಸಿ ತಂದರೆ ಇನ್ನೊಂದು. ಅಷ್ಟರಲ್ಲಿ ಟಾರ್ಕೋಲ್‌ಗೆ ಒಂದು ಸಣ್ಣ ಏಟಾದರೂ ಹಾಕಿ. ಸಾಯಿಸಬೇಕಂತಿಲ್ಲ, ನೀರಿನ ಮಟ್ಟ ಇಳಿದರೆ ಸಾಕು.

ಪ್ರಶ್ನೆ (ಹೊಸಪೇಟೆ ಕಡೆಯವನು, ಈಗ ಬಳ್ಳಾರಿಯಲ್ಲಿ): ಟ್ರಿಕ್ ರೂಮ್ ಇಲ್ಲದೆ ಲಿಲಿಗಂಟ್ ಜೊತೆ ಆಡುತ್ತಾರಲ್ಲ, ಅದು ಹೇಗಿದೆ?

ಕೋಚ್: ಹಿಸುಯಿ ಲಿಲಿಗಂಟ್. ಬಿಸಿಲಲ್ಲಿ ಕ್ಲೋರೋಫಿಲ್‌ನಿಂದ ಅದರ ಸ್ಪೀಡ್ ದುಪ್ಪಟ್ಟಾಗುತ್ತೆ. ಎಲ್ಲರಿಗಿಂತ ಮೊದಲು ಆಫ್ಟರ್ ಯೂ ಹಾಕಿದರೆ ಮುಂದಿನ ಸರದಿ ಟಾರ್ಕೋಲ್‌ದು. ಮೊದಲ ಟರ್ನ್‌ನಲ್ಲೇ 150ರ ಬೆಂಕಿ. ನೋಡೋಕೆ ಹಬ್ಬ. ಆದರೆ ಲಿಲಿಗಂಟ್‌ಗೆ ಒಂದು ಫೇಕ್ ಔಟ್ ಬಿದ್ದರೆ ಹಬ್ಬ ಮುಗೀತು. ಒಂದೇ ಆಟದಲ್ಲಿ ಎದುರಾಳಿಯನ್ನು ಬೆಚ್ಚಿಬೀಳಿಸೋಕೆ ಸರಿ. ಮೂರು ಆಟದ ಸ್ಪರ್ಧೆಯಲ್ಲಿ ಎರಡನೇ ಆಟಕ್ಕೆ ಎಲ್ಲರೂ ಎಚ್ಚರ ಆಗಿರುತ್ತಾರೆ. ನಾನು ಆಡಲ್ಲ.

ಶಕ್ತಿನಗರ (ಸಂಜೆ): ಅಣ್ಣಾ, ಹೇಳಿದ ಹಾಗೆ ಎಲ್ಲ ಬದಲಿಸಿದೆ. ಚಾರ್ಕೋಲ್, ವೆದರ್ ಬಾಲ್, ಅರ್ಥ್ ಪವರ್. ಮೂರು ಆಟ ಆಡಿದೆ. ಮೊದಲನೆಯದರಲ್ಲಿ ಇಂಡೀಡೀ ಮೊದಲ ಟರ್ನ್‌ನಲ್ಲೇ ಸತ್ತಿತು. ಟಾರ್ಕೋಲ್ ಬಂದು ಒಂದೇ ಇರಪ್ಷನ್‌ಗೆ ಇಬ್ಬರೂ ಖಲಾಸ್! ಎರಡನೆಯದೂ ಗೆದ್ದೆ, ವೆದರ್ ಬಾಲ್‌ನಿಂದ. ಮೂರನೆಯದರಲ್ಲಿ ಟ್ರಿಕ್ ರೂಮ್ ಹಾಕಿ, ಟಾರ್ಕೋಲ್ 177ಕ್ಕೆ 177 ನಿಂತಿತ್ತು. ಇರಪ್ಷನ್ ಒತ್ತಬೇಕು ಅನ್ನುವಷ್ಟರಲ್ಲಿ ಕರೆಂಟ್ ಹೋಯ್ತು. ಲ್ಯಾಪ್‌ಟಾಪ್ ಆನ್ ಇತ್ತು, ರೂಟರ್ ಆಫ್. ಟೈಮರ್ ಮುಗಿದು ಸೋತೆ.

ಕೋಚ್: ಕರೆಂಟ್ ತಯಾರಾಗುವ ಊರಲ್ಲೇ ಹೀಗಾದರೆ ನಾನೇನು ಹೇಳಲಿ ತಮ್ಮಾ. ಮೊಬೈಲ್ ಹಾಟ್‌ಸ್ಪಾಟ್ ರೆಡಿ ಇಟ್ಕೊಂಡು ಆಡು. ಎರಡನೇ ಆಟದ ರೀಪ್ಲೇ ಲಿಂಕ್ ಹಾಕು, ವೆದರ್ ಬಾಲ್ ಒತ್ತಿದಾಗ ಎಚ್‌ಪಿ ಎಷ್ಟಿತ್ತು ನೋಡೋಣ.

ಶಕ್ತಿನಗರ: 140 ಇತ್ತು ಅಣ್ಣಾ. ಗೋಡೆ ಮೇಲೆ ಬರೆದಿದ್ದೇನೆ, ಅಮ್ಮ ಬೈದರು.