ಸಮಸ್ಯೆ: ಸತ್ತ ಮೇಲಲ್ಲವೇ ಒಲವು ಹುಟ್ಟಿದ್ದು

ಈ ವಾರದ ಸಮಸ್ಯೆ ತಗೊಳ್ಳಿ. ಮೇಲಿನದು ಕೊನೆಯ ಸಾಲು, ಮೊದಲ ಮೂರು ನಿಮ್ಮದು. ಐದೈದು ಮಾತ್ರೆಯ ಗಣ, ಆದಿಪ್ರಾಸ ‘ತ್ತ’ (ಪ್ರತಿ ಸಾಲಿನ ಎರಡನೇ ಅಕ್ಷರ) ಬಿಡುವ ಹಾಗಿಲ್ಲ. ವಸ್ತು ‘ದ ವ್ಯಾಂಪೈರ್ ಡೈರೀಸ್’ ಅನ್ನುವ, ರಕ್ತ ಕುಡಿಯುವ ವ್ಯಾಂಪೈರ್‌ಗಳ ಇಂಗ್ಲಿಷ್ ಟಿವಿ ಧಾರಾವಾಹಿಯ ನಾಲ್ಕನೇ ಸೀಸನ್ನಿನ ಏಳನೇ ಕಂತು. 2012ರದ್ದಾದರೂ ನಮ್ಮಲ್ಲಿ ಅರ್ಧ ಜನ ಈಗ ನೋಡುತ್ತಿದ್ದಾರೆ, ಎಲೆನಾ ತನ್ನ ಹುಡುಗ ಸ್ಟೆಫನ್‌ನನ್ನು ಬಿಟ್ಟು ಅವನ ಅಣ್ಣ ಡೇಮನ್ ಜೊತೆ ಹೋದದ್ದು ಸರಿಯಾ ಅಂತ ಜಗಳ ನಿಂತೇ ಇಲ್ಲ. ಇನ್ನು ಪದ್ಯದಲ್ಲೇ ಜಗಳ ಆಡಿ.

ದಾವಣಗೆರೆ ಹುಡುಗಿ:
ನಾನು ಡೇಮನ್ ಕಡೆ ಸರ್.

ಕತ್ತಲಲಿ ಸೇತುವೆಯ ನೀರಿನಲಿ ಮುಳುಗಿದಳು
ನೆತ್ತರಲಿ ಅವನ ಹನಿ ಸೇರಿತ್ತು ಮೊದಲೇ
ಮತ್ತೆ ಕಣ್ತೆರೆದಾಗ ಮರೆತ ಮಾತೇ ನೆನಪು
ಸತ್ತ ಮೇಲಲ್ಲವೇ ಒಲವು ಹುಟ್ಟಿದ್ದು

ಡೇಮನ್ ಹಿಂದೆಯೇ ಎಲೆನಾಗೆ ಪ್ರೀತಿ ಹೇಳಿಕೊಂಡು, ಅವಳ ಮನಸ್ಸಿನಿಂದ ಅದನ್ನು ತಾನೇ ಅಳಿಸಿದ್ದ. ಅವನ ರಕ್ತ ಮೈಯಲ್ಲಿದ್ದಾಗ ಸತ್ತದ್ದರಿಂದ ವ್ಯಾಂಪೈರ್ ಆದ ಮೇಲೆ ಅದೆಲ್ಲ ಅವಳಿಗೆ ವಾಪಸ್ ನೆನಪಾಯಿತು. ಇನ್ನೇನು ಬೇಕು?

ನಿವೃತ್ತ ಮೇಷ್ಟ್ರು, ದಾವಣಗೆರೆ:
ಪ್ರಾಸ ಚೆನ್ನಾಗಿ ಕೂತಿದೆ ಮಗಳೇ, ವಾದ ಕೂತಿಲ್ಲ.

ಎತ್ತ ಹೋಗೆಂದರೂ ಅತ್ತಲೇ ನಡೆವಾಕೆ
ಚಿತ್ತ ತನ್ನದೊ ಅವನ ರಕ್ತದ್ದೊ ಹೇಳಿ
ಮುತ್ತಿಗೂ ಅಪ್ಪಣೆಯ ಕಾಯುವುದು ಪ್ರೀತಿಯೇ
ಸತ್ತ ಮೇಲಲ್ಲವೇ ಒಲವು ಹುಟ್ಟಿದ್ದು

ಆ ಕಂತಿನ ಕೊನೆ ಇನ್ನೊಮ್ಮೆ ನೋಡು. ಒಂದು ಕಡೆ ಎಲೆನಾ, ಡೇಮನ್ ಇಬ್ಬರ ರಾತ್ರಿ, ಅದರ ನಡುನಡುವೆಯೇ ಸ್ಟೆಫನ್ ಮತ್ತು ಎಲೆನಾಳ ಗೆಳತಿ ಕ್ಯಾರೊಲೈನ್ ಮಾತು, ಪ್ರಾಣಿಯ ರಕ್ತ ಎಲೆನಾಳ ಹೊಟ್ಟೆಯಲ್ಲಿ ನಿಲ್ಲಲಿಲ್ಲ, ಅದು ಬೇಡ ಅಂದವನು ಡೇಮನ್, ಹೀಗೆ ಒಂದೊಂದೇ ಜೋಡಿಸಿಕೊಂಡು ಕೊನೆಗೆ ಇದು ಸೈರ್ ಬಾಂಡ್, ಬದಲಿಸಿದವನ ಮಾತಿಗೆ ಕಟ್ಟುಬೀಳುವ ನಂಟು, ಅಂತ ಇಬ್ಬರಿಗೂ ಹೊಳೆಯುತ್ತದೆ. ಮೈ ಜುಂ ಅನ್ನುತ್ತದೆ. ಅವನ ರಕ್ತದಿಂದ ಬದಲಾದವಳಿಗೆ ಅವನ ಇಷ್ಟವೇ ಇಷ್ಟ. ತಮ್ಮನ ಹುಡುಗಿಯಾಗಿದ್ದವಳು ಅನ್ನೋದು ಬೇರೆ!

ಕೋಟೆ ಕೆಳಗಿನ ಅಕ್ಕ, ಚಿತ್ರದುರ್ಗ:
ಮನುಷ್ಯನ ಮೇಲೆ ರಕ್ಕಸಿಗೆ ಮನಸ್ಸಾದ ಕಥೆ ನಮ್ಮ ದುರ್ಗಕ್ಕೆ ಹೊಸದಲ್ಲ. ಹಿಡಿಂಬನ ಊರು ಇದೇ ಅಂತಾರೆ. ಬೆಟ್ಟದ ಮೇಲೆ ಹಿಡಿಂಬೇಶ್ವರನ ಗುಡಿಯಲ್ಲಿ ಅವನದು ಅಂತ ಹಲ್ಲು ತೋರಿಸ್ತಾರೆ. ಅದಕ್ಕೇ ಇದು:

ತುತ್ತ ತರಹೋಗೆಂದು ಕಳಿಸಿದನು ಅವಳಣ್ಣ
ಹತ್ತಿರಕೆ ಬಂದವಳು ಭೀಮನನು ಕಂಡು
ಕುತ್ತಿಗೆಗೆ ಬಾಯಿಡದೆ ನಿಂತುಬಿಟ್ಟಳು, ಹಸಿವು
ಸತ್ತ ಮೇಲಲ್ಲವೇ ಒಲವು ಹುಟ್ಟಿದ್ದು

ಹಿಡಿಂಬಿಗೆ ಯಾರೂ ಪ್ರೀತಿಸು ಅಂತ ಹೇಳಲಿಲ್ಲ, ತಿನ್ನು ಅಂತ ಹೇಳಿದ್ದರು. ಅಣ್ಣನ ಮಾತು ಮೀರಿ ಪ್ರೀತಿಸಿದಳು. ಎಲೆನಾ ಮೀರಿದ್ದು ಎಲ್ಲಿ? ಅವನು ಹೇಳಿದ್ದೇ ಅವಳಿಗೆ ಬೇಕೆನಿಸುವಾಗ, ಪಾಪ, ಅವಳ ‘ಹೂಂ’ಗೆ ಏನು ಬೆಲೆ?

ದಾವಣಗೆರೆ ಹುಡುಗಿ:
ಅಕ್ಕಾ, ಪದ್ಯ ಅದ್ಭುತ, ಒಪ್ಪಿದೆ. ಆದರೆ ಅದೇ ಸೀಸನ್ ಮುಗಿಯುವಾಗ ಸೈರ್ ಬಾಂಡ್ ಹೋದ ಮೇಲೂ ಅವಳು ಡೇಮನ್‌ನನ್ನೇ ಆರಿಸಿಕೊಳ್ಳುತ್ತಾಳೆ. ಆಗ ಅವಳಿಗೆ ಅಪ್ಪಣೆ ಕೊಟ್ಟವರು ಯಾರು?

ಕೋಟೆ ಕೆಳಗಿನ ಅಕ್ಕ:
ಅಲ್ಲಿವರೆಗೆ ಕಾಯಬೇಕಿತ್ತು ಅವನು. ನನ್ನ ಸಿಟ್ಟು ಆ ಒಂದು ರಾತ್ರಿಯ ಮೇಲೆ ಮಾತ್ರ ಕಣೇ.

ಸಮಸ್ಯೆ ಕೊಟ್ಟವನು:
ಅಕ್ಕ ತುಂಬಿದ ಸಾಲುಗಳೇ, ಅವರ ಪೂರಣವೇ, ಈ ವಾರದ ಆಯ್ಕೆ. ಸಾಲು ಕೊಡುವಾಗ ಎಲೆನಾಳ ಸಾವೇ ನನ್ನ ತಲೆಯಲ್ಲಿತ್ತು, ಇವರು ಸಾಯಿಸಿದ್ದು ಹಸಿವನ್ನು. ಸ್ಟೆಫನ್ ಬಾಯಲ್ಲಿ ಇನ್ನೂ ಯಾರೂ ಪದ್ಯ ಹೇಳಿಸಿಲ್ಲ. ಭಾನುವಾರದವರೆಗೆ ಕಳಿಸಿ.