ಪದಚರ್ಚೆ: ಬಾಲಿ ಭಾಷೆಯ 'ಸೆಕಲ–ನಿಸ್ಕಲ', 'ಚನಂಗ್ ಸಾರಿ' – ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಬಾಲಿ ದ್ವೀಪಕ್ಕೆ ಹೊರಟ ಕನ್ನಡಿಗರಿಗಾಗಿ ಅನುವಾದಿಸುತ್ತಿರುವ ಕಿರುಹೊತ್ತಿಗೆಯು ಇಂದು ಸಂಜೆಯೇ ಅಚ್ಚಿಗೆ ಹೋಗಬೇಕೆಂದು ಪ್ರಶ್ನೆ ಕೇಳಿದವರು ತಿಳಿಸಿರುವುದರಿಂದ, ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. 'ಸೆಕಲ' ಎಂಬುದಕ್ಕೆ 'ಕಾಣುವುದು' ಎಂದೂ 'ನಿಸ್ಕಲ' ಎಂಬುದಕ್ಕೆ 'ಕಾಣದ್ದು' ಎಂದೂ ಬರೆಯಿರಿ. ದಿನವೂ ಅರ್ಪಿಸುವ ಪುಟ್ಟ ಕಾಣಿಕೆಯಾದ 'ಚನಂಗ್ ಸಾರಿ'ಯ ಹೆಸರನ್ನು ಹಾಗೆಯೇ ಉಳಿಸಿಕೊಂಡು ಒಂದು ಸಾಲಿನಲ್ಲಿ ವಿವರಿಸಿ.

'ಸೆಕಲ', 'ನಿಸ್ಕಲ' ಎರಡೂ ಸಂಸ್ಕೃತದ ಪದಗಳೇ ಆದುದರಿಂದ 'ಸಕಲ', 'ನಿಷ್ಕಲ' ಎಂದು ತಿದ್ದಿ ಬರೆದರೆ ಸಾಕೆಂದು ಈ ಚರ್ಚೆಯಲ್ಲಿ ಒಬ್ಬರು ಕೊಟ್ಟ ಒಂದು ಸಾಲಿನ ಉತ್ತರವನ್ನು ನಾನು ಒಪ್ಪಲಾರೆ. ಪದ ಹುಟ್ಟಿದ ಮನೆಯನ್ನು ಅವರು ಸರಿಯಾಗಿಯೇ ಗುರುತಿಸಿದ್ದಾರೆ. ಆದರೆ ಆ ಪದ ಈಗ ಬಾಳುತ್ತಿರುವ ಮನೆಯನ್ನು ಅವರು ನೋಡಿಲ್ಲ. ಕನ್ನಡದ ಓದುಗರಿಗೆ 'ಸಕಲ' ಎಂದರೆ 'ಎಲ್ಲ'. ವಚನಗಳನ್ನು ಓದಿದವರಿಗೆ ಮಾತ್ರ ಶೈವ ಪರಿಭಾಷೆಯ ಇನ್ನೊಂದು ಅರ್ಥ ಹೊಳೆಯುತ್ತದೆ: 'ಕಲೆ' ಎಂದರೆ ಅಂಶ, ಅಂಶಗಳಿಂದ ಕೂಡಿ ರೂಪ ತಳೆದದ್ದು ಸಕಲ, ಅಂಶಗಳಿಲ್ಲದ ಅಖಂಡವು ನಿಷ್ಕಲ. ಶಿವನ ನಿಲವನ್ನು ಹೇಳುತ್ತಿದ್ದ ಈ ಜೋಡಿ ಬಾಲಿಯಲ್ಲಿ ದಿನಬಳಕೆಗೆ ಇಳಿದಿದೆ. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಸೆಕಲದ ಕಾರಣಕ್ಕೆ ವೈದ್ಯರ ಬಳಿಗೂ ನಿಸ್ಕಲದ ಕಾರಣಕ್ಕೆ 'ಬಲಿಯನ್' ಎಂದು ಕರೆಯುವ ನಾಟಿ ವೈದ್ಯರ ಬಳಿಗೂ ಹೋಗುವುದುಂಟು. ಇಲ್ಲಿ 'ಎಲ್ಲ' ಎಂಬ ಅರ್ಥಕ್ಕೆ ಎಡೆಯೇ ಇಲ್ಲ. 'ಗೋಚರ–ಅಗೋಚರ' ಎಂಬ ಸಲಹೆ ತಪ್ಪಲ್ಲ, ಆದರೆ ಹರಟೆಯಲ್ಲಿಯೂ ಬರುವ ಮಾತಿಗೆ ಅದು ಭಾರವಾದೀತು. ಇಂಗ್ಲಿಷ್ ಅರ್ಥಕೋಶಗಳನ್ನು ನಂಬಿ 'ಕಾಣದ ಲೋಕ' ಎಂದಂತೂ ಬರೆಯಬೇಡಿ. 'ಲೋಕ' ಎಂದೊಡನೆ ನಮ್ಮ ಮನಸ್ಸು ಸ್ವರ್ಗಕ್ಕೋ ಪಾತಾಳಕ್ಕೋ ಹೋಗುತ್ತದೆ. ನಿಸ್ಕಲವಾದರೋ ಇದೇ ಅಂಗಳದಲ್ಲಿ, ಇದೇ ಗದ್ದೆಯ ಬದುವಿನಲ್ಲಿ ಇದೆ.

ಮೂಲರೂಪಕ್ಕೆ ತಿದ್ದುವುದೇ ನಿಯಮವಾದರೆ 'ಪುರ'ವನ್ನು ಏನು ಮಾಡುತ್ತೀರಿ? ಬಾಲಿಯಲ್ಲಿ 'ಪುರ' ಎಂದರೆ ದೇವಾಲಯ, 'ಪುರಿ' ಎಂದರೆ ಅರಮನೆ. 'ಸುಕ್ಸ್ಮ' ಎಂದರೆ ಧನ್ಯವಾದ. ಅದನ್ನು 'ಸೂಕ್ಷ್ಮ' ಎಂದು ತಿದ್ದಿದರೆ ಪ್ರವಾಸಿಗೆ ಏನು ತಿಳಿದೀತು? ಹಾಗೆಂದು ಸಂಸ್ಕೃತದ ನಂಟನ್ನು ಎಲ್ಲೆಡೆಯೂ ಕಡಿಯಬೇಕೆಂಬುದು ನನ್ನ ವಾದವಲ್ಲ. ಬಾಲಿಯ 'ತಿರ್ತ' ಪೂಜೆಯ ಕೊನೆಯಲ್ಲಿ ಭಕ್ತರಿಗೆ ಪ್ರೋಕ್ಷಿಸಿ, ಕುಡಿಯಲೂ ಕೊಡುವ ನೀರು. ಅದು ನಮ್ಮ 'ತೀರ್ಥ'ವೇ. ಇಂಗ್ಲಿಷಿನಿಂದ 'ಪವಿತ್ರ ಜಲ' ಎಂದು ಸುತ್ತಿ ಬಳಸಿ ತರುವ ಅಗತ್ಯವಿಲ್ಲ. ಕಡ ಬಂದ ಪದವನ್ನು ಒಂದೊಂದಾಗಿಯೇ ತೂಗಬೇಕು.

ಹೊರಗಿನ ಪದವೇ ಕನ್ನಡಕ್ಕೆ ಬೇಡ, 'ಚನಂಗ್ ಸಾರಿ'ಯನ್ನು 'ಹೂವಿನ ನೈವೇದ್ಯ' ಎನ್ನಿ ಎಂದ ಹಿರಿಯರಿಗೂ ಒಂದು ಮಾತು. ತೆಂಗಿನ ಎಳೆಗರಿಯಲ್ಲಿ ಅಂಗೈಯಗಲದ ತಟ್ಟೆ ಹೆಣೆದು, ಪೂರ್ವಕ್ಕೆ ಬಿಳಿ, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ, ಉತ್ತರಕ್ಕೆ ನೀಲಿ ಅಥವಾ ಹಸಿರು ಬಣ್ಣದ ಹೂವನ್ನಿಟ್ಟು, ಊದುಬತ್ತಿ ಹಚ್ಚಿ ಹೊಸ್ತಿಲ ಬಳಿ, ಅಂಗಡಿಯ ಮುಂದೆ ದಿನವೂ ಇಡುವ ಕಾಣಿಕೆ ಅದು. ನೈವೇದ್ಯವಾದರೆ ಪ್ರಸಾದವಾಗಿ ನಮ್ಮ ಕೈಗೆ ಮರಳಬೇಕು. ಇದನ್ನು ಯಾರೂ ತಿನ್ನುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೂವಿನ ಅಡಿಯಲ್ಲಿ 'ಪೊರೊಸನ್' ಎಂಬ ಪುಟ್ಟ ಕಟ್ಟು ಇರುತ್ತದೆ. ಅದರಲ್ಲಿರುವುದು ವೀಳ್ಯದೆಲೆ, ಅಡಿಕೆ, ಸುಣ್ಣ. ಇಂಗ್ಲಿಷಿನವರು ಹೂವನ್ನಷ್ಟೇ ಕಂಡು ಹೆಸರಿಟ್ಟರು. ಎಲೆ ಅಡಿಕೆಯಿಲ್ಲದೆ ಯಾವ ಶುಭಕಾರ್ಯವನ್ನೂ ಮಾಡದ ನಾವು ಅದನ್ನು ಬಿಡುವುದು ತರವಲ್ಲ. ಆದುದರಿಂದ ವಿವರಣೆಯನ್ನು 'ವೀಳ್ಯದ ಮೇಲೆ ಹೂವಿಟ್ಟು ಅರ್ಪಿಸುವ ಎಳೆಗರಿಯ ತಟ್ಟೆ' ಎಂದು ಬರೆಯಿರಿ.

ಕರಡಿನ ಮಾದರಿ ಪುಟದಲ್ಲಿ 'ಅಗುಂಗ್ ಪರ್ವತದ ಇಳಿಜಾರಿನಲ್ಲಿರುವ ಬೆಸಾಕಿಪುರ' ಎಂದಿದೆ. ಓದಿದವರು ಅದೊಂದು ಪಟ್ಟಣವೆಂದೇ ತಿಳಿಯುತ್ತಾರೆ. ಅಚ್ಚಿಗೆ ಕಳುಹಿಸುವ ಮುನ್ನ 'ಬೆಸಾಕಿ ದೇವಾಲಯ' ಎಂದು ತಿದ್ದಿಬಿಡಿ.