ತಡಸಲು ಮರದ ಮೊದಲ ಬಿಲ್ಲು: ಮೇಲಿನ ತೋಳು ಒಂದೇ ಕಡೆ ಮಡಿಯುತ್ತಿದೆ, ಏನು ಮಾಡಲಿ?

ಹೊಸಬಿಲ್ಲು (ಪ್ರಶ್ನೆ, ಜುಲೈ 6)

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿಯ ಕಡೆಯವನು. ಮರಗೆಲಸದಲ್ಲಿ ನನ್ನ ಅನುಭವ ಒಂದೆರಡು ಮಣೆ ಮಾಡಿದ್ದಕ್ಕಿಂತ ಹೆಚ್ಚಿನದಲ್ಲ. ಏಪ್ರಿಲ್ ಕೊನೆಯಲ್ಲಿ ನಮ್ಮ ತೋಟದ ಬೇಲಿಯಲ್ಲಿದ್ದ ತಡಸಲು ಮರವೊಂದು ಗಾಳಿಗೆ ಬಿದ್ದಿತು. ಅದರ ನೇರವಾದ ಭಾಗವನ್ನು ಬೆಣೆ ಹೊಡೆದು ಸೀಳಿ, ಎರಡು ತಿಂಗಳು ಕೊಟ್ಟಿಗೆಯಲ್ಲಿಟ್ಟು, ಜೂನ್ ಕೊನೆಯ ವಾರದಲ್ಲಿ ಬಿಲ್ಲು ಕೆತ್ತಲು ತೊಡಗಿದೆ. ಉದ್ದ 68 ಇಂಚು, ನಡುವೆ ಬಾಗದ ಹಿಡಿ, ತೋಳುಗಳ ಅಗಲ ಹಿಡಿಯ ಬಳಿ 1¾ ಇಂಚು, ತುದಿಯಲ್ಲಿ ½ ಇಂಚು. 26 ಇಂಚು ಎಳೆದಾಗ 18 ಕಿಲೋ ಬಲ ಬರಬೇಕೆಂಬುದು ನನ್ನ ಲೆಕ್ಕವಾಗಿತ್ತು.

ಈಗ ಹೆದೆಯೇರಿಸಿ 20 ಇಂಚು ಎಳೆದರೆ ಕೆಳತೋಳು ಚೆನ್ನಾಗಿ ಬಾಗುತ್ತದೆ. ಮೇಲಿನ ತೋಳು ಮಾತ್ರ ಹಿಡಿಯಿಂದ 9 ಇಂಚು ದೂರದಲ್ಲಿ ಮೊಣಕೈಯಂತೆ ಮಡಿಯುತ್ತದೆ, ಅದರಾಚೆಗಿನ ಭಾಗ ಕೋಲಿನಂತೆ ನೆಟ್ಟಗೇ ಇರುತ್ತದೆ. ಹೆದೆ ಇಳಿಸಿದ ಮೇಲೂ ಬಿಲ್ಲು ಎರಡೂವರೆ ಇಂಚು ಬಾಗಿದಂತೆಯೇ ಉಳಿಯುತ್ತದೆ. ಮಡಿಯುವ ಜಾಗದಲ್ಲಿ ಕೀಸುಳಿ ಹಿಡಿದಾಗ ಗಂಟಿನ ಪಕ್ಕದ ನಾರು ಕಿತ್ತುಬಂದಿದ್ದರಿಂದ, ಆ ಕಿತ್ತ ಗುರುತು ಹೋಗುವವರೆಗೆ ಅರದಿಂದ ಉಜ್ಜಿದ್ದೆ. ಬಿಲ್ಲನ್ನು ಉಳಿಸಬಹುದೇ, ಅಥವಾ ಬಚ್ಚಲ ಒಲೆಗೆ ಹಾಕುವುದೇ?

ಮರಗೆಲಸದವ

ತಡಸಲಿಗೆ ಬಳುಕು ಹೆಚ್ಚು. ಕೊಡಲಿ, ಗುದ್ದಲಿಗಳ ಕಾವಿಗೆ ಅದನ್ನು ಹುಡುಕಿಕೊಂಡು ಹೋಗುವುದೇ ಅದಕ್ಕಾಗಿ. ಆದುದರಿಂದ ಮರದ ಆಯ್ಕೆಯಲ್ಲಿ ತಪ್ಪಿಲ್ಲ. ತೆಳುವಾದ ಜಾಗಕ್ಕೆ ಅದೇ ಮರದ ಒಂದು ತೆಳು ಪಟ್ಟಿಯನ್ನು ಎಪಾಕ್ಸಿಯಿಂದ ಅಂಟಿಸಿ, ಒಣಗಿದ ಮೇಲೆ ಮತ್ತೆ ಕೀಸಿದರೆ ಸರಿಹೋಗಬಹುದು. ಆದರೆ ಅದಕ್ಕೂ ಮೊದಲು ನನಗೆ ಅನುಮಾನ ಇರುವುದು ಮರದ ಹಸಿಯ ಬಗ್ಗೆ. ಬಿಲ್ಲಿನಿಂದ ಕತ್ತರಿಸಿ ಉಳಿದ ತುಂಡೊಂದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಓವನ್‌ನಲ್ಲಿ 103 ಡಿಗ್ರಿಯ ಆಸುಪಾಸಿನಲ್ಲಿಟ್ಟು, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಿರಿ. ಕಳೆದುಹೋದ ತೂಕವನ್ನು ಒಣಗಿದ ತೂಕದಿಂದ ಭಾಗಿಸಿ, ಬಂದ ಶೇಕಡವನ್ನು ಇಲ್ಲಿ ತಿಳಿಸಿ.

ಹೆದೆಗಾರ

ಪಟ್ಟಿ ಅಂಟಿಸುವ ಸಲಹೆಗೆ ನನ್ನ ಸಹಮತವಿಲ್ಲ. ಬಿಲ್ಲಿನ ಹೊಟ್ಟೆ, ಅಂದರೆ ಎಳೆಯುವವನ ಕಡೆಗಿರುವ ಮೈ, ಪ್ರತಿ ಎಳೆತದಲ್ಲೂ ಒತ್ತಡಕ್ಕೆ ಸಿಕ್ಕುತ್ತದೆ. ಅಲ್ಲಿ ಕೂರಿಸುವ ಪಟ್ಟಿ ಕೂದಲೆಳೆಯಷ್ಟೂ ಸಂದು ಬಿಡದೆ ಕುಳಿತರೆ ಮಾತ್ರ ನಿಲ್ಲುತ್ತದೆ. ಅದು ಹತ್ತು ಬಿಲ್ಲು ಮಾಡಿದವರ ಕೆಲಸವೇ ಹೊರತು ಮೊದಲ ಬಿಲ್ಲಿನದ್ದಲ್ಲ. ಹಸಿ ಮರದ ಮೇಲೆ ಎಪಾಕ್ಸಿಯೂ ನೆಚ್ಚಿಕೆಗೆ ತಕ್ಕದ್ದಲ್ಲ.

ಮಡಿಯುವ ಜಾಗದ ದಪ್ಪವನ್ನೂ ಅದರ ಎರಡೂ ಬದಿಗಳಲ್ಲಿ ಮೂರು ಇಂಚು ದೂರದ ದಪ್ಪವನ್ನೂ ಅಳೆದು ತಿಳಿಸಿ. ಹೊಟ್ಟೆಯ ಮೇಲೆ ಆ ಜಾಗದಲ್ಲಿ ಅಡ್ಡಕ್ಕೆ ಸಣ್ಣ ಸುಕ್ಕುಗೆರೆಗಳಿವೆಯೇ ಎಂಬುದನ್ನು ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಬೆನ್ನಿನ ಮೇಲೆ ಸೀಳು ಎದ್ದಿದ್ದರೆ ಮಾತ್ರ ಇನ್ನೊಮ್ಮೆಯೂ ಎಳೆಯಬೇಡಿ. ಹೊಟ್ಟೆ ಕೆಟ್ಟ ಬಿಲ್ಲು ನಿಧಾನವಾಗಿ ಸೋಲುತ್ತದೆ. ಬೆನ್ನು ಸೀಳಿದ ಬಿಲ್ಲು ಮುಖದ ಮುಂದೆಯೇ ಮುರಿಯುತ್ತದೆ.

ಹೊಸಬಿಲ್ಲು

ತುಂಡಿನ ತೂಕ ಮೊದಲು 58 ಗ್ರಾಂ ಇತ್ತು, ಒಣಗಿದ ಮೇಲೆ 49 ಗ್ರಾಂ ಆಯಿತು. ಅಂದರೆ ಹಸಿ ಶೇ. 18ಕ್ಕಿಂತ ಸ್ವಲ್ಪ ಹೆಚ್ಚು. ಮಡಿಯುವ ಜಾಗದ ದಪ್ಪ 12.5 ಮಿ.ಮೀ., ಎರಡೂ ಬದಿಗಳಲ್ಲಿ 15 ಮಿ.ಮೀ. ಟಾರ್ಚಿನ ಬೆಳಕಿನಲ್ಲಿ ಮೂರು ಸಣ್ಣ ಅಡ್ಡಗೆರೆಗಳು ಕಾಣುತ್ತವೆ; ಉಗುರಿಗೆ ತಾಗುವಷ್ಟು ಆಳವಿಲ್ಲ. ಬೆನ್ನಿನ ಕಡೆ ತೊಗಟೆ ಮಾತ್ರ ತೆಗೆದಿದ್ದೇನೆ, ಅದರ ಕೆಳಗಿನ ಮೈಯನ್ನು ಮುಟ್ಟಿಲ್ಲ, ಸೀಳೂ ಇಲ್ಲ. ಒಂದು ಸಂದೇಹ: ಎರಡೂವರೆ ಮಿಲಿಮೀಟರಿನ ವ್ಯತ್ಯಾಸಕ್ಕೆ ಇಷ್ಟೊಂದು ಮಡಿಯುತ್ತದೆಯೇ?

ಹೆದೆಗಾರ

ಖಂಡಿತ ಮಡಿಯುತ್ತದೆ. ಅಗಲವನ್ನು ಅರ್ಧ ಮಾಡಿದರೆ ತೋಳಿನ ಬಿಗಿಯೂ ಅರ್ಧವಾಗುತ್ತದೆ, ಆದರೆ ದಪ್ಪದ ಲೆಕ್ಕ ಘನದಲ್ಲಿ ನಡೆಯುತ್ತದೆ. ದಪ್ಪ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬಿಗಿ ಶೇ. 27ರಷ್ಟು ಕುಸಿಯುತ್ತದೆ. ನಿಮ್ಮ 12.5 ಮಿ.ಮೀ. ಜಾಗದಲ್ಲಿ ಉಳಿದಿರುವುದು ಪಕ್ಕದ 15 ಮಿ.ಮೀ. ಜಾಗದ ಬಿಗಿಯ ಶೇ. 58 ಮಾತ್ರ. ಹೀಗಾಗಿ ಇಡೀ ತೋಳು ಹಂಚಿಕೊಳ್ಳಬೇಕಾದ ಬಾಗನ್ನು ಆ ಎರಡು ಇಂಚೇ ಹೊತ್ತುಕೊಂಡಿದೆ. ಗೆರೆಗಳು ಎದ್ದಿರುವುದೂ ಅದರಿಂದಲೇ: ಮರವು ಎಳೆತವನ್ನು ತಡೆದಷ್ಟು ಒತ್ತಡವನ್ನು ತಡೆಯುವುದಿಲ್ಲ, ಮಿತಿ ಮೀರಿದಾಗ ಹೊಟ್ಟೆಯ ನಾರು ಕುಗ್ಗಿ ಸುಕ್ಕುಗಟ್ಟುತ್ತದೆ.

ಅರ ಹಿಡಿದು ಗುರುತು ಹೋಗಲಾಡಿಸುವ ಆಸೆ ನಮ್ಮೆಲ್ಲರದ್ದೂ. ನನ್ನ ಮೊದಲ ಬಿಲ್ಲನ್ನು ಗಂಟಿನ ಸುತ್ತ ನುಣುಪು ಮಾಡುತ್ತಲೇ ಕೆಡಿಸಿದ್ದೆ. ಗಂಟಿರುವ ಕಡೆ ಮೈ ಒರಟಾಗಿಯೇ ಇರಲಿ, ಒಂದು ಕೂದಲು ದಪ್ಪವೇ ಇರಲಿ.

ಪರಿಹಾರ ಹೀಗೆ. ಮಡಿಯುವ ಜಾಗಕ್ಕೆ ಸೀಸದ ಕಡ್ಡಿಯಿಂದ ಗೀಟು ಹಾಕಿ, ಇನ್ನು ಅಲ್ಲಿಂದ ಒಂದು ಪುಡಿಯನ್ನೂ ತೆಗೆಯುವುದಿಲ್ಲವೆಂದು ನಿರ್ಧರಿಸಿ. ಉಳಿದ ಭಾಗವನ್ನು ಅದರ ಮಟ್ಟಕ್ಕೆ ಇಳಿಸಬೇಕು: ಹಿಡಿಯ ಕಡೆಗೆ ಸುಮಾರು 13.5, ತುದಿಯ ಕಡೆಗೆ ಇಳಿಯುತ್ತ 12 ಮಿ.ಮೀ. ಆಮೇಲೆ ಕೆಳತೋಳನ್ನೂ ಇದಕ್ಕೆ ಸರಿದೂಗಿಸಬೇಕು. ಸರಾಸರಿ ದಪ್ಪ 15ರಿಂದ 13ಕ್ಕೆ ಇಳಿದರೆ ಬಲದಲ್ಲಿ ಮೂರರಲ್ಲೊಂದು ಪಾಲು ಹೋಗುತ್ತದೆ, ಆದ್ದರಿಂದ 18 ಕಿಲೋದ ಆಸೆ ಬಿಡಿ. 12 ಕಿಲೋದ ಬಿಲ್ಲು ಸಿಗುತ್ತದೆ, ಕಲಿಯುವವರ ಭುಜಕ್ಕೆ ಅದೇ ಹಿತ. ತುದಿಗಳನ್ನು ಕತ್ತರಿಸಿ ಬಲ ಹೆಚ್ಚಿಸಿಕೊಳ್ಳಬಹುದೆಂದು ಯಾರಾದರೂ ಹೇಳಿಯಾರು. ಗೆರೆ ಎದ್ದ ಬಿಲ್ಲಿಗೆ ಅದು ಸಲ್ಲದು.

ಮರಗೆಲಸದವ

ಪಟ್ಟಿಯ ವಿಷಯದಲ್ಲಿ ಹೆದೆಗಾರರ ಮಾತನ್ನು ಒಪ್ಪುತ್ತೇನೆ. ಆದರೆ ಶೇ. 18 ಹಸಿಯಲ್ಲಿ ಒಂದು ಎಳೆತವನ್ನೂ ಎಳೆಯಬಾರದು. ಎರಡೂವರೆ ಇಂಚು ಬಾಗು ಉಳಿದದ್ದರಲ್ಲಿ ಹೆಚ್ಚಿನ ಪಾಲು ಇದರದ್ದೇ. ಗಾಳಿಯಲ್ಲಿ ತೇವ ಶೇ. 85ರ ಮೇಲಿದ್ದರೆ ಮರ ಎಷ್ಟು ತಿಂಗಳು ಕೊಟ್ಟಿಗೆಯಲ್ಲಿದ್ದರೂ ಶೇ. 17-18ರಲ್ಲೇ ನಿಲ್ಲುತ್ತದೆ, ಅದಕ್ಕಿಂತ ಒಣಗಲು ಗಾಳಿಯೇ ಬಿಡುವುದಿಲ್ಲ. ಆಷಾಢದ ಮಲೆನಾಡಿನಲ್ಲಿ ‘ಎರಡು ತಿಂಗಳು ಒಣಗಿಸಿದೆ’ ಎಂಬ ಮಾತಿಗೆ ಅರ್ಥವಿಲ್ಲ. ಬಿಲ್ಲಿಗೆ ಬೇಕಾದದ್ದು ಶೇ. 9-10.

ನಿಮ್ಮ ಮನೆಯಲ್ಲಿ ಸೌದೆ ಒಲೆಯ ಮೇಲೆ ಅಟ್ಟವಿದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಬಿಲ್ಲನ್ನು ನೇರವಾದ ಹಲಗೆಗೆ ಬೆನ್ನು ಮೇಲಾಗಿ ಕಟ್ಟಿ, ಎರಡು ತುದಿಗಳಡಿ ಅರ್ಧ ಇಂಚಿನ ಚಕ್ಕೆ ಕೊಟ್ಟು, ಹಿಡಿಯನ್ನು ಹಲಗೆಗೆ ಬಿಗಿದರೆ ಉಳಿದ ಬಾಗೂ ಕೊಂಚ ಹಿಂದಕ್ಕೆ ಸರಿಯುತ್ತದೆ. ಬಿಸಿ ಕೈಗೆ ಹಿತವಾಗಿರುವಷ್ಟೇ ಇರಲಿ. ವಾರಕ್ಕೆರಡು ಬಾರಿ ಬಿಚ್ಚಿ ತೂಗಿರಿ. ಈಗಿನ ತೂಕ 740 ಗ್ರಾಂ ಇದ್ದರೆ 690ರ ಹತ್ತಿರ ಬಂದಾಗ ಸಾಕು. ತೀರಾ ಒಣಗಿಸಿ ಶೇ. 6ಕ್ಕಿಂತ ಕೆಳಗಿಳಿಸಿದರೆ ಮರ ಗರಿಗರಿಯಾಗಿ ಬೆನ್ನು ಸೀಳುತ್ತದೆ.

ಹೊಸಬಿಲ್ಲು (ಜುಲೈ 29)

ಎಷ್ಟು ವಿಚಿತ್ರವೆಂದರೆ ತೂಕ ಸರಿಯಾಗಿ 740 ಗ್ರಾಮೇ ಇತ್ತು! ಮೂರು ವಾರ ಅಟ್ಟದಲ್ಲಿದ್ದು ಈಗ 692ಕ್ಕೆ ನಿಂತಿದೆ. ಮೈಗೆ ಹೊಗೆಯ ಬಣ್ಣ ಹತ್ತಿದೆ, ಉಳಿದಿದ್ದ ಬಾಗು ಒಂದೂವರೆ ಇಂಚಿಗೆ ಇಳಿದಿದೆ. ಇನ್ನು ಕೀಸುವಾಗ ಎಲ್ಲಿ ಎಷ್ಟು ತೆಗೆಯಬೇಕೆಂದು ಕಣ್ಣಿಗೆ ಗೊತ್ತಾಗುವುದು ಹೇಗೆ? ಮೊದಲ ಬಾರಿ ಕಣ್ಣನ್ನು ನಂಬಿಯೇ ಕೆಟ್ಟೆ.

ಹೆದೆಗಾರ

ಕಣ್ಣನ್ನು ನಂಬಬೇಡಿ, ಸೀಸದ ಕಡ್ಡಿಯನ್ನು ನಂಬಿ. ಐದು ಇಂಚು ಉದ್ದದ ಸಪಾಟಾದ ಮರದ ತುಂಡಿನ ನಟ್ಟನಡುವೆ ತೂತು ಕೊರೆದು, ಅದರಲ್ಲಿ ಸೀಸದ ಕಡ್ಡಿಯನ್ನು ಬಿಗಿಯಾಗಿ ಸಿಕ್ಕಿಸಿ. ಬಿಲ್ಲಿಗೆ ಹೆದೆಯೇರಿಸಿ, ತುಂಡನ್ನು ಹೊಟ್ಟೆಯ ಮೇಲೆ ಅತಿ ಹೆಚ್ಚು ಬಾಗುವ ಜಾಗದಲ್ಲಿ ಇಡಿ. ತುಂಡಿನ ಎರಡು ತುದಿ ಮಾತ್ರ ಮರಕ್ಕೆ ತಾಗಿ ನಡುವೆ ಸಂದು ಉಳಿಯುತ್ತದೆ. ಅಲ್ಲಿ ಮೊನೆ ಮರವನ್ನು ಮುಟ್ಟಿಯೂ ಮುಟ್ಟದಂತೆ ಕಡ್ಡಿಯನ್ನು ಇಳಿಸಿ. ಅನಂತರ ಹಿಡಿಯಿಂದ ತುದಿಯವರೆಗೆ ಸರಿಸುತ್ತ ಹೋದರೆ, ಬಾಗು ಸಾಲದ ಕಡೆಗಳಲ್ಲೆಲ್ಲ ಗೆರೆ ಬೀಳುತ್ತದೆ. ಗೆರೆ ಬಿದ್ದಲ್ಲಿ ಮಾತ್ರ ಕೀಸಿ. ಕೀಸುಳಿಯೂ ಬೇಡ, ಅರವೂ ಬೇಡ. ಚಾಕುವಿನ ಬಾಯಿಯನ್ನು ಮರಕ್ಕೆ ಲಂಬವಾಗಿ ಹಿಡಿದು ಹೆರೆಯಿರಿ. ಹದಿನೈದು ಎಳೆ ಹೆರೆದ ಮೇಲೆ, ಈವರೆಗೆ ಎಳೆದಷ್ಟೇ ದೂರಕ್ಕೆ ಮೂವತ್ತು ಬಾರಿ ಎಳೆದು, ಹೆದೆ ಹಿಡಿದುಕೊಂಡೇ ನಿಧಾನವಾಗಿ ಸಡಿಲಿಸಿ. ಮರ ಆ ಬದಲಾವಣೆಯನ್ನು ತೋರಿಸಲು ಅಷ್ಟು ಬೇಕು. ಕೊಕ್ಕೆ ತಕ್ಕಡಿ ಸಿಕ್ಕಿಸಿ ಎಳೆಯಿರಿ, 12 ಕಿಲೋ ತೋರಿಸಿದ ಕ್ಷಣ ಎಷ್ಟು ಇಂಚಾಗಿದ್ದರೂ ನಿಲ್ಲಿಸಿ. ಬಾಣವಿಲ್ಲದೆ ಹೆದೆಯನ್ನು ಕೈಬಿಡಬೇಡಿ. ಅಂದ ಹಾಗೆ, ನೈಲಾನ್ ಹಗ್ಗವನ್ನು ಹೆದೆ ಮಾಡಿದ್ದರೆ ಬದಲಿಸಿ, ಅದು ಹಿಗ್ಗುತ್ತದೆ; ಬಿಲ್ಲಿನ ಬಲದ ನಾಲ್ಕು ಪಟ್ಟು ತಡೆಯುವಷ್ಟು ಎಳೆಗಳ ಪಾಲಿಯೆಸ್ಟರ್ ದಾರ ಹೊಸೆಯಿರಿ.

ಹೊಸಬಿಲ್ಲು (ಆಗಸ್ಟ್ 10)

ಹನ್ನೊಂದು ಸಂಜೆಗಳ ಹೆರೆತದ ನಂತರ ಮೇಲಿನ ತೋಳು ಈಗ ಕುಡುಗೋಲಿನಂತೆ ಒಂದೇ ಸಮನೆ ಬಾಗುತ್ತಿದೆ. 26 ಇಂಚಿಗೆ 11.8 ಕಿಲೋ. ನೂರು ಬಾಣ ಬಿಟ್ಟ ಮೇಲೆ ಉಳಿಯುವ ಬಾಗು ಎರಡು ಇಂಚಿಗೆ ಬಂದು ನಿಂತಿದೆ, ಮೂರು ಗೆರೆಗಳು ನಾಲ್ಕಾಗಿಲ್ಲ. ಅದೇ ಮರದ ಇನ್ನೊಂದು ಸೀಳು ಕೊಟ್ಟಿಗೆಯಲ್ಲಿದೆ, ಅದನ್ನು ಇವತ್ತೇ ಅಟ್ಟಕ್ಕೇರಿಸಲೇ?

ಮರಗೆಲಸದವ

ಏರಿಸಬಹುದು, ಆದರೆ ಮೊದಲು ಎರಡೂ ಕೊನೆಗಳ ಕೊಯ್ದ ಮೈಗೆ ದಪ್ಪವಾಗಿ ಬಣ್ಣ ಬಳಿಯಿರಿ, ಇಲ್ಲದಿದ್ದರೆ ಅಲ್ಲಿಂದಲೇ ಬಿರುಕು ಓಡುತ್ತದೆ. ಇಡಿಯ ಸೀಳನ್ನು ಒಮ್ಮೆಲೇ ಬಿಸಿಗೆ ಒಡ್ಡಬೇಡಿ. ಬಿಲ್ಲಿನ ಆಕಾರಕ್ಕೆ ಒಂದಿಂಚು ಉಳಿಸಿ ಒರಟಾಗಿ ಕಡಿದು, ಮೊದಲ ಎರಡು ವಾರ ಒಲೆಯಿಂದ ದೂರದ ಮೂಲೆಯಲ್ಲಿಡಿ. ತೂಕವನ್ನು ಮರದ ಮೇಲೆಯೇ ತಾರೀಖಿನ ಸಮೇತ ಬರೆಯಿರಿ, ಹದಿನೈದು ದಿನ ಅದೇ ಅಂಕಿ ನಿಂತ ಮೇಲೆ ಕೀಸುಳಿ ತೆಗೆಯಿರಿ.